ಅರ್ಧ ಬಸ್ಕಿ, ಪೂರ್ತಿ ಬಸ್ಕಿ

ನಮ್ಮ ಸಂವಾದ ಕಾರ್ಯಕ್ರಮದಲ್ಲಿ ವ್ಯಾಯಾಮದ ಮಾತು ಬಂದಾಗಲೆಲ್ಲ ವೀಕ್ಷಕರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಬಸ್ಕಿಯನ್ನು ಪೂರ್ತಿ ಕೆಳಗಿಳಿದು ಹೊಡೆಯಬೇಕೋ, ಅರ್ಧಕ್ಕೆ ನಿಲ್ಲಿಸಿದರೆ ಸಾಕೋ?" ಕೇಳಲು ಸಣ್ಣ ಪ್ರಶ್ನೆ. ಆದರೆ ಸ್ನಾಯು ಹೇಗೆ ಬೆಳೆಯುತ್ತದೆ ಎಂಬ ದೊಡ್ಡ ವಿಷಯಕ್ಕೆ ಇದೇ ಬಾಗಿಲು.

ಮೊದಲು ನನ್ನ ಸಂಗತಿಯನ್ನೇ ಹೇಳಿಬಿಡುತ್ತೇನೆ. ಎರಡು ವರ್ಷ ನಾನು ಜಿಮ್ಮಿಗೆ ಹೋಗಿ ಹೆಗಲ ಮೇಲೆ ಭಾರ ಹೊತ್ತು ಬಸ್ಕಿ ಹೊಡೆದೆ. ತಿಂಗಳಿಂದ ತಿಂಗಳಿಗೆ ಭಾರ ಏರಿತು. ಆದರೆ ನಾನು ಇಳಿಯುತ್ತಿದ್ದದ್ದು ಗೇಣುದ್ದ ಮಾತ್ರ. ಒಮ್ಮೆ ನೆಂಟರ ಮದುವೆಯಲ್ಲಿ ನೆಲದ ಪಂಕ್ತಿಗೆ ಕುಳಿತೆ. ಊಟ ಮುಗಿದ ಮೇಲೆ ಕೈ ಊರದೆ ಏಳಲಾಗಲಿಲ್ಲ. ಪಕ್ಕದಲ್ಲಿದ್ದ ಎಪ್ಪತ್ತರ ಸೋದರಮಾವ ಸಲೀಸಾಗಿ ಎದ್ದು ನನಗೆ ಕೈ ಕೊಟ್ಟರು!

ಹಾಗಾದರೆ ನಾನು ಬೆಳೆಸಿದ್ದು ಏನನ್ನು? ಇದಕ್ಕೆ ಜಪಾನಿನ ಸಂಶೋಧಕರ 2019ರ ಅಧ್ಯಯನವೊಂದು ಉತ್ತರ ಕೊಡುತ್ತದೆ. 17 ಯುವಕರಲ್ಲಿ ಕೆಲವರು ಪೂರ್ತಿ ಬಸ್ಕಿ, ಉಳಿದವರು ಅರ್ಧ ಬಸ್ಕಿ, ಹೀಗೆ 10 ವಾರ ಅಭ್ಯಾಸ ಮಾಡಿದರು. ಎಂ.ಆರ್.ಐ. ಮೂಲಕ ಸ್ನಾಯುಗಳ ಗಾತ್ರ ಅಳೆಯಲಾಯಿತು. ತೊಡೆಯ ಮುಂಭಾಗದ ಸ್ನಾಯುಗಳು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಸಮ ಬೆಳೆದಿದ್ದವು. ಆದರೆ ಪೃಷ್ಠದ ದೊಡ್ಡ ಸ್ನಾಯು ಪೂರ್ತಿ ಇಳಿದವರಲ್ಲಿ ಶೇ. 6.7ರಷ್ಟು, ಅರ್ಧ ಇಳಿದವರಲ್ಲಿ ಶೇ. 2.2ರಷ್ಟು ಮಾತ್ರ ಬೆಳೆದಿತ್ತು. ತೊಡೆಯ ಒಳಭಾಗದ ಸ್ನಾಯುಗಳದ್ದೂ ಇದೇ ಕಥೆ. ನೆಲದಿಂದ ನಮ್ಮನ್ನು ಮೇಲೆತ್ತುವಲ್ಲಿ ಇವುಗಳ ಪಾಲು ದೊಡ್ಡದು.

ಇದಕ್ಕೆ ಕಾರಣವೇನು? ಸ್ನಾಯುವಿನ ಪ್ರತಿಯೊಂದು ನಾರಿನಲ್ಲೂ ಆಕ್ಟಿನ್, ಮಯೋಸಿನ್ ಎಂಬ ಎರಡು ಬಗೆಯ ಎಳೆಗಳಿವೆ. ಇವು ಒಂದರ ಪಕ್ಕದಲ್ಲಿ ಇನ್ನೊಂದು ಜಾರಿದಾಗ ಸ್ನಾಯು ಕುಗ್ಗುತ್ತದೆ ಎಂಬುದು 1954ರಲ್ಲೇ ತಿಳಿದ ಸಂಗತಿ. ಇವುಗಳ ಜೊತೆಗೆ ಟೈಟಿನ್ ಎಂಬ ಸ್ಪ್ರಿಂಗಿನಂಥ ದೈತ್ಯ ಪ್ರೋಟೀನ್ ಇದೆ. ಸ್ನಾಯು ಚೆನ್ನಾಗಿ ಹಿಗ್ಗಿದಾಗ ಈ ಸ್ಪ್ರಿಂಗೂ ಬಿಗಿಯುತ್ತದೆ. ಹಿಗ್ಗಿದ ಸ್ಥಿತಿಯಲ್ಲಿ ಭಾರ ಹೊತ್ತಾಗ ಹೀಗೆ ಎರಡು ಕಡೆಯ ಎಳೆತವೂ ಸೇರಿ, "ಬೆಳೆಯಬೇಕು" ಎಂಬ ಸೂಚನೆ ಜೀವಕೋಶಕ್ಕೆ ಬಲವಾಗಿ ಮುಟ್ಟುತ್ತದೆ ಎಂಬುದು ವಿಜ್ಞಾನಿಗಳ ಊಹೆ. ಚರ್ಚೆ ಇನ್ನೂ ನಡೆದಿದೆ.

ಈ ಊಹೆಗೆ ಪುಷ್ಟಿ ಕೊಡುವ ಇನ್ನೊಂದು ಪ್ರಯೋಗ 2023ರದ್ದು. ಯುವತಿಯರು ಎಂಟು ವಾರ ಮೀನಖಂಡದ ವ್ಯಾಯಾಮ ಮಾಡಿದರು. ಒಂದು ಗುಂಪು ಪೂರ್ತಿ ಚಲನೆ, ಇನ್ನೊಂದು ಹಿಮ್ಮಡಿ ಕೆಳಗಿರುವ ಅರ್ಧ, ಮತ್ತೊಂದು ಹಿಮ್ಮಡಿ ಮೇಲಿರುವ ಅರ್ಧ. ಮೀನಖಂಡದ ಒಳಬದಿಯ ಸ್ನಾಯುವಿನ ಬೆಳವಣಿಗೆ ಕ್ರಮವಾಗಿ ಸುಮಾರು ಶೇ. 7, 15 ಮತ್ತು 3! ಅಂದರೆ ಅರ್ಧಗಳೆಲ್ಲ ಒಂದೇ ಅಲ್ಲ. ಸ್ನಾಯು ಹಿಗ್ಗುವ ಅರ್ಧಕ್ಕೆ ಬೆಲೆ ಹೆಚ್ಚು. ಆದರೆ ಇದನ್ನೇ ಎಲ್ಲ ಸ್ನಾಯುಗಳಿಗೂ ನಿಯಮವೆನ್ನುವಂತಿಲ್ಲ. 2025ರಲ್ಲಿ, ಅನುಭವಿಗಳ ತೋಳುಗಳ ಮೇಲೆ ನಡೆದ ಅಧ್ಯಯನದಲ್ಲಿ ಹಿಗ್ಗುವ ಅರ್ಧಕ್ಕೂ ಪೂರ್ತಿ ಚಲನೆಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ನಾನು ಎರಡು ವರ್ಷ ಮಾಡಿದ್ದು ಮಾತ್ರ ಅಗ್ಗದ ಅರ್ಧವನ್ನೇ.

"ಪೂರ್ತಿ ಇಳಿದರೆ ಮೊಣಕಾಲು ಹೋಗುತ್ತದಂತೆ" ಎಂಬ ಭಯ ಹಲವರಿಗಿದೆ. ಇದರ ಹಿಂದೆ ಅಮೆರಿಕದ ಟೆಕ್ಸಾಸ್‌ನ ಕಾರ್ಲ್ ಕ್ಲೈನ್ ಅವರ 1961ರ ವರದಿಯ ಪಾಲಿದೆ. ಆಳದ ಬಸ್ಕಿಯಿಂದ ಮೊಣಕಾಲಿನ ಕಟ್ಟುಗಳು ಸಡಿಲವಾಗುತ್ತವೆ ಎಂದು ಅವರು ಹೇಳಿದ್ದರು. ನಂತರದ ಅಧ್ಯಯನಗಳು ಆರೋಗ್ಯವಂತ ಮೊಣಕಾಲಿನ ಮಟ್ಟಿಗೆ ಇದನ್ನು ಸಮರ್ಥಿಸಲಿಲ್ಲ. ನಮ್ಮ ಗರಡಿಗಳ ಪೈಲ್ವಾನರು ಹಿಮ್ಮಡಿಯವರೆಗೆ ಇಳಿದೇ ಬಸ್ಕಿ ಹೊಡೆಯುತ್ತಾ ಬಂದಿದ್ದಾರೆ.

ಹಾಗೆಂದು ನಾಳೆ ಬೆಳಗ್ಗೆಯೇ ದೊಡ್ಡ ಭಾರ ಹೊತ್ತು ಕುಕ್ಕರಗಾಲಿಗೆ ಇಳಿಯಬೇಡಿ. ಮೊಣಕಾಲು, ಸೊಂಟದ ನೋವಿದ್ದವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಉಳಿದವರು ಮೊದಲು ಭಾರ ಕಡಿಮೆ ಮಾಡಿ. ಹೊಸಬರು ಬರಿಗೈಯಲ್ಲಿ, ಬೇಕಿದ್ದರೆ ಕುರ್ಚಿಯ ಆಸರೆ ಹಿಡಿದು ಆರಂಭಿಸಿ. ಎರಡು ಮೂರು ಸೆಕೆಂಡು ತೆಗೆದುಕೊಂಡು ಇಳಿಯಿರಿ, ತಳದಲ್ಲಿ ಪುಟಿಯಬೇಡಿ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಆಳಕ್ಕೆ ಹೋಗಿ. ದಂಡ ಹೊಡೆಯುವಾಗ ಎದೆ ನೆಲದ ಸಮೀಪ ಬರಲಿ. ಡಂಬೆಲ್ ಎತ್ತುವವರು ಪ್ರತಿ ಸಲವೂ ತೋಳನ್ನು ಪೂರ್ತಿ ಕೆಳಕ್ಕೆ ನೀಡಿ.

ಭಾರವನ್ನು ಅರ್ಧಕ್ಕಿಂತ ಕೆಳಗಿಳಿಸಿದಾಗ ಜಿಮ್ಮಿನ ಹುಡುಗರ ಮುಂದೆ ನನಗೆ ನಾಚಿಕೆಯಾದದ್ದು ನಿಜ. ಆರೇಳು ತಿಂಗಳಾಯಿತು. ಮೊನ್ನೆ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ಉಂಡು, ಕೈ ಊರದೆ ಎದ್ದೆ. ನೀವೂ ಇಂದು ಸಂಜೆ ನೆಲದ ಮೇಲೆ ಕುಳಿತು ಎದ್ದು ನೋಡಿ. ಎಲ್ಲಿಂದ ಆರಂಭಿಸಬೇಕೆಂದು ನಿಮಗೇ ತಿಳಿಯುತ್ತದೆ.