ಗುಡ್ಡದ ಮೇಲೊಂದು ಚಿಲುಮೆ

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ನೆಲ ಕಾಣುವುದಿಲ್ಲ. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯ ಚಕ್ಕಡಿಗಳು ಕೊಳ್ಳು ಹರಿದು ಸಾಲು ಹಿಡಿದಿರುತ್ತವೆ. ಎತ್ತುಗಳಿಗೆ ಕಣಕಿ, ಮೂರು ಕಲ್ಲಿನ ಒಲೆಯ ಮೇಲೆ ಕಡಬು, ಗಾಳಿಯ ತುಂಬ ಭಂಡಾರ, ಆಗಾಗ ಎದ್ದು ಬರುವ ‘ಉಧೋ ಉಧೋ’. ಈ ಗದ್ದಲದೊಳಗೆ ಪಟಗಾ ಸುತ್ತಿದ ಹಿರಿಯರೊಬ್ಬರು ಚಕ್ಕಡಿ ಗಾಲಿಗೆ ಬೆನ್ನು ಕೊಟ್ಟು ಕುಂತು, ಸೊಂಟದ ಚಂಚಿ ಬಿಚ್ಚುತ್ತಾರೆ.

ಆ ಬಟ್ಟೆಯ ಚಂಚಿಯೊಳಗೆ ಎಲೆಗೊಂದು ಕಿಸೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು. ಎಲ್ಲಕ್ಕೂ ಒಳಗಿನದು ತಂಬಾಕಿಗೆ. ಎಲೆ ನಿಪ್ಪಾಣಿ ಸೀಮೆಯದು. 1981ರಲ್ಲಿ ಬೆಲೆಗಾಗಿ ರೈತರು ಹೆದ್ದಾರಿ ಮೇಲೆ ಕುಂತರಲ್ಲ, ಅದೇ ಬೆಳೆ. ಹೊಸ ಎಲೆ ಗಂಟಲಿಗೆ ಒದೆಯುತ್ತದೆ. ಒಟ್ಟಿಟ್ಟು ಹಳತಾದಂತೆ ಒಳಗೇ ಹುದುಗಿ ಅಮೋನಿಯ ಕಡಿಮೆಯಾಗುತ್ತದೆ, ಬಣ್ಣ ಕಪ್ಪಿಗೆ ತಿರುಗುತ್ತದೆ. ‘ಹಳೇದಿದ್ರ ಮೆತ್ತಗ ಬರ್ತೈತ್ರಿ’ ಎನ್ನುತ್ತಾ ಅವರು ಅಂಗೈಯಲ್ಲಿ ತಿಕ್ಕುತ್ತಾರೆ. ಆ ತಿಕ್ಕಾಟದಲ್ಲೇ ಅರ್ಧ ಸುಖ.

ಚಿಲುಮೆಯ ಕೊರಳಿಗೆ ಮೊದಲು ಒಂದು ಹರಳು, ತಂಬಾಕು ಬಾಯಿಗೆ ಬರಬಾರದಲ್ಲ. ಮೇಲೆ ತಂಬಾಕು, ಅದುಮದೆ ಸಡಿಲ ಬಿಡದೆ. ಅದರ ಮೇಲೆ ಕುಳ್ಳಿನ ಕೆಂಡ. ಬುಡಕ್ಕೆ ಒದ್ದೆ ಅರಿವೆ ಸುತ್ತಿ, ಎರಡೂ ಕೈ ಗೂಡು ಮಾಡಿ ಎಳೆದರೆ ಕೆಂಡ ಝಗ್ಗೆಂದು ಮುಖ ಬೆಳಗುತ್ತದೆ. ಒಬ್ಬರೇ ಮುಗಿಸುವ ರೂಢಿಯಿಲ್ಲ. ಎರಡು ದಮ್ಮಾದ ಮೇಲೆ ಚಿಲುಮೆ ಪಕ್ಕದವರ ಕೈಗೆ ಹೋಗುತ್ತದೆ, ಅವರ ಊರು ಯಾವುದೇ ಇರಲಿ.

ಪಡುವಣದ ಪೈಪುಗಾರರು ಡಬ್ಬಿಯಲ್ಲಿ ವರ್ಷಗಟ್ಟಲೆ ಇಟ್ಟು ಸವಿಯುವ ವರ್ಜೀನಿಯಾ ತಳಿಯೂ ನಮ್ಮ ನಾಡಿಗೆ ಪರಕೀಯವಲ್ಲ. ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್‌ಗಳಲ್ಲಿ ಬಿಸಿಗಾಳಿಗೆ ಹದವಾಗುತ್ತದೆ. ಆ ಶಾಖದಲ್ಲಿ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ, ಅದಕ್ಕೇ ಅದರ ಹೊಗೆಗೆ ಸಿಹಿ. ಬಿಸಿಲಲ್ಲಿ ಒಣಗಿದ ನಿಪ್ಪಾಣಿಯ ಎಲೆ ಆ ಸಿಹಿಯನ್ನು ಕಳೆದುಕೊಂಡು ಖಾರ ಉಳಿಸಿಕೊಳ್ಳುತ್ತದೆ. ಗುಡ್ಡದ ಚಳಿಗೆ ಆ ಖಾರವೇ ಸೈ.

ಈ ಚಟಕ್ಕೆ ನಮ್ಮ ಸೀಮೆಯಲ್ಲಿ ಅರಮನೆಯ ಇತಿಹಾಸವಿದೆ. ಅಕ್ಬರನ ರಾಯಭಾರಿ ಅಸದ್ ಬೇಗ್ 1604ರ ಸುಮಾರಿಗೆ ಬಿಜಾಪುರದಲ್ಲಿ ತಂಬಾಕು ಕಂಡು ಬೆರಗಾಗಿ, ರತ್ನಖಚಿತ ನಳಿಗೆ ಮಾಡಿಸಿ ಬಾದಶಹನ ಮುಂದಿಟ್ಟ. ಆದಿಲ್ ಶಾಹಿ ದೊರೆ ಉಡುಗೊರೆ ಕೊಟ್ಟಿದ್ದ ತಾಂಬೂಲದ ಚೀಲದಲ್ಲೇ ತಂಬಾಕು ತುಂಬಿಕೊಂಡು ಹೋಗಿದ್ದ. ಹಕೀಮ ಬೇಡವೆಂದ, ಅಕ್ಬರ್ ಆದರೂ ಎರಡು ಮೂರು ದಮ್ಮು ಎಳೆದ. ಹಕೀಮನ ಮಾತು ಸುಳ್ಳಲ್ಲ. ಈ ಹಿರಿಯರ ಕೆಮ್ಮೇ ಅದಕ್ಕೆ ಸಾಕ್ಷಿ, ಅವರೂ ಅದನ್ನು ಮುಚ್ಚಿಡುವುದಿಲ್ಲ.

ಜಾತ್ರೆಯಲ್ಲಿ ಹೊಸ ಚಿಲುಮೆಯೊಂದನ್ನು ಕೊಂಡಿದ್ದಾರೆ. ಕೈಯಲ್ಲಿರುವುದು ಮಾತ್ರ ಅಂಚು ಒಡೆದ ಹಳೆಯದು. ಯಾಕೆಂದರೆ, ‘ಹಸೀ ಮಣ್ಣು ತಂಬಾಕಿನ ರುಚಿ ತಾನ ಕುಡೀತೈತ್ರಿ. ನಾಕ್ ದಿನ ಅದಕ್ಕ ಕುಡಿಸಬೇಕು, ಆಮ್ಯಾಲ ನಮಗ.’