‘ಚಲೋ ಐತಿ’ ಅಂದರೆ ಸಾಲದು

ಬೈಲಹೊಂಗಲದ ಚಹಾದಂಗಡಿಯಲ್ಲಾಗಲಿ, ರಾಮದುರ್ಗದ ನೇಕಾರರ ಮನೆಯಲ್ಲಾಗಲಿ, ಸವದತ್ತಿಯ ಬಸ್ ನಿಲ್ದಾಣದಲ್ಲಾಗಲಿ, ಹಿಂದಿನ ರಾತ್ರಿ ಮನೆಯಲ್ಲಿ ನೋಡಿದ ಸಿನಿಮಾ ಇಲ್ಲವೇ ಧಾರಾವಾಹಿಯ ಮಾತು ಬಾರದ ದಿನವಿಲ್ಲ. ಆದರೆ ಆ ಮಾತು ಹೆಚ್ಚಾಗಿ ಮೂರು ತೀರ್ಪುಗಳಲ್ಲೇ ಮುಗಿದುಬಿಡುತ್ತದೆ: ‘ಚಲೋ ಐತಿ’, ‘ಬ್ಯಾಸರ ಆತು’, ‘ಬರೇ ಎಳ್ಯಾಕತ್ತಾರ’. ತೀರ್ಪು ಸರಿಯೇ ಇರಬಹುದು. ಅದರ ಹಿಂದಿನ ಕಾರಣ ಮಾತ್ರ ಹೇಳಿದವರ ಮನಸ್ಸಿನಲ್ಲೇ ಉಳಿಯುತ್ತದೆ. ಯಾವ ದೃಶ್ಯದಲ್ಲಿ ಬೇಸರವಾಯಿತು, ಯಾವ ಪಾತ್ರದ ಮಾತು ನಂಬುವಂತಿರಲಿಲ್ಲ, ಯಾವುದು ಎದೆಗೆ ತಟ್ಟಿತು ಎಂಬುದು ಕೇಳಿದವರಿಗೆ ಗೊತ್ತಾಗುವುದಿಲ್ಲ. ಕಾರಣದೊಂದಿಗೆ ಹೇಳಿದಾಗಲೇ ಅದು ಅಭಿಪ್ರಾಯ. ಹಾಗೆ ಹೇಳುವ ಹಕ್ಕೂ ಕಸುವೂ ಕಿತ್ತೂರೂ ಸೇರಿದಂತೆ ಈ ಸೀಮೆಯ ನಾಲ್ಕು ಊರುಗಳ ಜನಕ್ಕೆ ಬೇರೆಯವರಿಗಿಂತ ತುಸು ಹೆಚ್ಚೇ ಇವೆ ಎಂಬುದು ನನ್ನ ವಾದ.

ಕಾರಣ ಯಾಕೆ ಬೇಕು ಎಂಬುದನ್ನು ಮೊದಲು ನೋಡೋಣ. ನಾವು ಏನು ನೋಡುತ್ತೇವೆಂದು ವಾಹಿನಿಗಳಿಗೆ ತಿಳಿಯುವುದು ಟಿಆರ್‌ಪಿಯಿಂದ. ಟಿವಿ ವೀಕ್ಷಣೆಯನ್ನು ಅಳೆಯುವ ಬಾರ್ಕ್ ಸಂಸ್ಥೆ ದೇಶದ ಐವತ್ತು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟಿದೆ. ಟಿವಿಯ ಸದ್ದಿನಲ್ಲಿ ಸೇರಿಸಿರುವ, ಕಿವಿಗೆ ಕೇಳದ ಗುರುತಿನಿಂದ ಆ ಮೀಟರು ಯಾವ ವಾಹಿನಿ ಓಡುತ್ತಿದೆ ಎಂದು ಕಂಡುಹಿಡಿಯುತ್ತದೆ. ಯಾರು ನೋಡುತ್ತಿದ್ದಾರೆ ಎಂಬುದನ್ನು ಮನೆಯವರು ಗುಂಡಿ ಒತ್ತಿ ತಿಳಿಸುತ್ತಾರೆ. ವಾರಕ್ಕೊಮ್ಮೆ ಅಂಕಿ ಹೊರಬೀಳುತ್ತದೆ, ಅದರ ಮೇಲೆ ಜಾಹೀರಾತಿನ ದರ ನಿಂತಿರುತ್ತದೆ. ಈ ಏರ್ಪಾಡಿಗೆ ಟಿವಿ ಹಚ್ಚಿದ್ದು ಗೊತ್ತಾಗುತ್ತದೆ, ನೋಡಿದವರ ಮನಸ್ಸು ಗೊತ್ತಾಗುವುದಿಲ್ಲ. ಅತ್ತೆಯ ಕಾಟವನ್ನು ಬೈಯುತ್ತಲೇ ನೋಡಿದವರೂ ಮೆಚ್ಚಿ ನೋಡಿದವರೂ ಅಲ್ಲಿ ಒಂದೇ ಲೆಕ್ಕ. ಅಂಕಿ ಇಳಿಯುವವರೆಗೆ ಕಥೆಯನ್ನು ಮುಗಿಸುವ ಆತುರ ಯಾರಿಗೂ ಇರುವುದಿಲ್ಲ. ಹಾಗಾಗಿಯೇ ಒಂದು ಕಪಾಳಮೋಕ್ಷಕ್ಕೆ ಐದು ಮುಖಗಳ ಮೇಲೆ ಕ್ಯಾಮೆರಾ ಸುತ್ತುತ್ತದೆ, ನಿನ್ನೆಯ ಕಂತಿನ ತುಣುಕು ಇಂದು ಮತ್ತೆ ಬರುತ್ತದೆ. ‘ಎಳ್ಯಾಕತ್ತಾರ’ ಎಂದು ಜನ ಗೊಣಗುವುದು ನ್ಯಾಯವಾದ ದೂರು. ಆದರೆ ಆ ದೂರು ದಾಖಲಾಗುವ ಜಾಗ ಮೀಟರಿನಲ್ಲಿಲ್ಲ. ಅದು ಮಾತಿನಲ್ಲೋ ಬರಹದಲ್ಲೋ ಉಳಿಯಬೇಕು.

ಕಾರಣ ಹುಡುಕುತ್ತ ನೋಡಿದರೆ ಚಿತ್ರದಲ್ಲಿ ಎಷ್ಟು ಸಿಗುತ್ತದೆ ಎಂಬುದಕ್ಕೆ ಈ ನೆಲದ್ದೇ ಉದಾಹರಣೆ ಇದೆ. ಬಿ.ಆರ್. ಪಂತುಲು ನಿರ್ದೇಶಿಸಿದ ‘ಕಿತ್ತೂರು ಚೆನ್ನಮ್ಮ’ ಬಂದದ್ದು 1961ರಲ್ಲಿ. ಚೆನ್ನಮ್ಮನಾಗಿ ಬಿ. ಸರೋಜಾದೇವಿ, ಮಲ್ಲಸರ್ಜನಾಗಿ ರಾಜ್‌ಕುಮಾರ್. ಅರವತ್ತು ವರ್ಷ ದಾಟಿದರೂ ಆ ಚಿತ್ರ ಮನೆಮನೆಗಳಲ್ಲಿ ಇನ್ನೂ ಓಡುತ್ತದೆ. ಕಪ್ಪ ಕೊಡಲಾರೆ ಎಂದು ರಾಣಿ ಗುಡುಗುವ ದೃಶ್ಯವನ್ನು ಶಾಲೆಯ ಹುಡುಗಿಯರು ಇಂದಿಗೂ ವೇದಿಕೆಯ ಮೇಲೆ ಅಭಿನಯಿಸುತ್ತಾರೆ. ಇದೇ ಪಂತುಲು ಅದಕ್ಕೆ ಎರಡು ವರ್ಷ ಮೊದಲು, 1959ರಲ್ಲಿ, ಶಿವಾಜಿ ಗಣೇಶನ್ ಅವರನ್ನಿಟ್ಟುಕೊಂಡು ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ಮಾಡಿದ್ದರು. ಅಲ್ಲಿಯೂ ಪಾಳೆಯಗಾರ ಬ್ರಿಟಿಷ್ ಅಧಿಕಾರಿಯ ಎದುರು ನಿಂತು, ತೆರಿಗೆ ಯಾಕೆ ಕೊಡಬೇಕೆಂದು ಸಾಲುಸಾಲಾಗಿ ಪ್ರಶ್ನಿಸುತ್ತಾನೆ. ಎರಡನ್ನೂ ಒಂದರ ಹಿಂದೆ ಒಂದು ನೋಡಿದರೆ ಕನ್ನಡದ ದೃಶ್ಯಕ್ಕೆ ಅಚ್ಚು ಎಲ್ಲಿಂದ ಬಂತೆಂದು ತಿಳಿಯುತ್ತದೆ. ಇನ್ನು ಚರಿತ್ರೆಯ ಕಡೆ ಬಂದರೆ, 1824ರ ಕಿತ್ತೂರಿನ ಜಗಳ ಹೊತ್ತಿದ್ದು ದತ್ತಕದಿಂದ. ಆ ವರ್ಷ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ಸಾಯುವ ಮುನ್ನ ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಸಂಸ್ಥಾನದ ಖಜಾನೆಗೆ ಮೊಹರು ಹಾಕಿಸಿದ. ಅಕ್ಟೋಬರ್ 23ರ ಕಾಳಗದಲ್ಲಿ ಅವನೇ ಸತ್ತ. ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಕಿತ್ತೂರು ಈಸ್ಟ್ ಇಂಡಿಯಾ ಕಂಪನಿಗೆ ಕಪ್ಪ ಕೊಡುತ್ತಲೇ ಬಂದಿತ್ತು. ಹಾಗಿದ್ದರೂ ಜನರ ನೆನಪಿನಲ್ಲಿ ಗಟ್ಟಿಯಾಗಿ ನಿಂತದ್ದು ಕಪ್ಪದ ಮಾತು. ದತ್ತಕದ ಕಾನೂನು ಜಗಳಕ್ಕಿಂತ ಕಪ್ಪದ ಪ್ರಶ್ನೆ ತೆರೆಯ ಮೇಲೆ ಬೇಗ ಹತ್ತಿಕೊಳ್ಳುತ್ತದೆ. ಚಿತ್ರ ಏನನ್ನು ಮುಂದೆ ತಂದಿತು, ಏನನ್ನು ಹಿಂದೆ ಸರಿಸಿತು ಎಂದು ಇಷ್ಟು ಹೇಳಿದವರು ಆಮೇಲೆ ‘ಚಲೋ ಐತಿ’ ಎನ್ನಲಿ, ಆ ಮಾತಿಗೆ ಬೆಲೆ ಇದೆ. ಚಿತ್ರ ಚಲೋ ಇದೆ ಎಂದೇ ನಾನೂ ಹೇಳುತ್ತೇನೆ. ಸರೋಜಾದೇವಿಯವರ ನಿಲುವಿನಲ್ಲಿ, ದನಿಯಲ್ಲಿ ಇರುವ ಬಿಗಿ ಆ ದೃಶ್ಯದ ನಾಟಕೀಯತೆಯನ್ನೆಲ್ಲ ಹೊತ್ತು ನಿಲ್ಲುತ್ತದೆ.

ಸಿನಿಮಾ ಇತಿಹಾಸದ ಪಠ್ಯವಲ್ಲ, ಮೇಲಾಗಿ ಊರಿನ ಅಭಿಮಾನ ಇದ್ದವರು ನಿಷ್ಪಕ್ಷಪಾತವಾಗಿ ನೋಡಲಾರರು ಎಂದು ಕೆಲವರು ಆಕ್ಷೇಪಿಸಬಹುದು. ಮೊದಲ ಮಾತು ನಿಜ. ಎರಡನೆಯದು ಅರ್ಧ ನಿಜ. 2012ರ ನವೆಂಬರ್ 1ರಂದು ನಾಗಣ್ಣ ನಿರ್ದೇಶನದ, ದರ್ಶನ್ ನಟನೆಯ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಬಂದಾಗ ಈ ಭಾಗದಲ್ಲಿ ಅಭಿಮಾನದ ಹೊಳೆ ಹರಿದದ್ದು ಹೌದು, ಹೊಗಳಿಕೆಯಲ್ಲಿ ವಿವೇಚನೆ ಕೊಚ್ಚಿಹೋಗುವ ಅಪಾಯವೂ ಇತ್ತು. ಆದರೆ ರಾಯಣ್ಣನ ಊರು ಸಂಗೊಳ್ಳಿ ಇರುವುದು ಬೈಲಹೊಂಗಲ ತಾಲೂಕಿನಲ್ಲಿ. ಚೆನ್ನಮ್ಮ 1829ರ ಫೆಬ್ರುವರಿ 2ರಂದು ಸೆರೆಯಲ್ಲೇ ಕಣ್ಣು ಮುಚ್ಚಿದ್ದು ಬೈಲಹೊಂಗಲದಲ್ಲಿ, ಅವಳ ಸಮಾಧಿ ಅಲ್ಲೇ ಇದೆ. ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ ಪಕ್ಕದ ಖಾನಾಪುರ ತಾಲೂಕಿನದು. ಈ ನೆಲ, ಈ ದಾರಿ, ಈ ಲಾವಣಿಗಳ ನಡುವೆ ಬೆಳೆದವರಿಗೆ ತೆರೆಯ ಮೇಲಿನ ಕೋಟೆ ಎಲ್ಲಿ ಸುಳ್ಳಾಯಿತು, ಎಲ್ಲಿ ನಿಜವಾಯಿತು ಎಂದು ಹೇಳುವ ಅರಿವು ಇರುತ್ತದೆ. ಅಭಿಮಾನವನ್ನು ಒರೆಗೆ ಹಚ್ಚುವುದು ಕಾರಣವೇ. ಕಾರಣ ಕೇಳಿದಾಗ ಬರೀ ಜೈಕಾರ ಉತ್ತರವಾಗಿ ನಿಲ್ಲುವುದಿಲ್ಲ.

ಹೀಗೆ ನೋಡುವುದು ಇಲ್ಲಿಯ ಜನಕ್ಕೆ ಹೊಸದೇನೂ ಅಲ್ಲ. ಈ ಸೀಮೆಯಲ್ಲೇ ನಡೆದ ಕೊಲೆಯ ಕಥೆಯೆಂದು ಜನ ಹೇಳಿಕೊಂಡು ಬಂದ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ರಾತ್ರಿಯಿಡೀ ಕೂತು ನೋಡಿದವರಿಗೆ ಕಥೆಯ ಕೊನೆ ಮೊದಲೇ ಗೊತ್ತಿರುತ್ತಿತ್ತು. ಅವರು ಬರುತ್ತಿದ್ದುದು ಈ ಸಲದ ಸಂಗ್ಯಾ ಹೇಗೆ ಹಾಡುತ್ತಾನೆ, ಗಂಗಿಯ ಅಳುಕು ಎಷ್ಟು ಖರೆ ಅನಿಸುತ್ತದೆ ಎಂದು ನೋಡಲು. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, ನೂರು ದಾಟಿ ಬಾಳಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ಬಸವಣ್ಣನ ಪಾತ್ರದಲ್ಲಿ ಮನೆಮಾತಾದದ್ದು ಇಂಥ ಪ್ರೇಕ್ಷಕರ ಎದುರಿನಲ್ಲೇ. ಕಂಪನಿ ನಾಟಕದಲ್ಲಿ ಹಾಡು ಹಿಡಿಸಿದರೆ ‘ವನ್ಸ್ ಮೋರ್’ ಎಂದು ಕೂಗಿ ಮತ್ತೆ ಹಾಡಿಸುತ್ತಿದ್ದರು. ಹಿಡಿಸದಿದ್ದರೆ ಅದೂ ಆಗಲೇ ನಟನ ಕಿವಿಗೆ ಬೀಳುತ್ತಿತ್ತು. ಈಗ ಮನೆಯೊಳಗೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲು. ಅಜ್ಜಿ ನೋಡುವುದು ಒಂದು, ಮೊಮ್ಮಗ ನೋಡುವುದು ಇನ್ನೊಂದು. ಜೊತೆಗೆ ಕೂತು ನೋಡುವುದು ಕಡಿಮೆಯಾದಷ್ಟೂ ನೋಡಿದ್ದರ ಬಗ್ಗೆ ಮಾತಾಡುವುದರ ಅಗತ್ಯ ಹೆಚ್ಚುತ್ತದೆ. ಮನೆಯ ನೋಟಕ್ಕೆ ಒಂದು ಅನುಕೂಲವೂ ಇದೆ: ತಡೆದು ನಿಲ್ಲಿಸಬಹುದು, ಹಿಂದಕ್ಕೆ ಹೋಗಿ ಮತ್ತೆ ನೋಡಬಹುದು. ಟಾಕೀಸಿನಲ್ಲಿ ಕೂತು ನೋಡಿ ಬರೆಯುತ್ತಿದ್ದ ಹಳೆಯ ವಿಮರ್ಶಕರಿಗೆ ಈ ಭಾಗ್ಯ ಇರಲಿಲ್ಲ.

ಭಾಷೆಯ ವಿಷಯದಲ್ಲಂತೂ ಇಲ್ಲಿಯವರ ಮೌನ ದೊಡ್ಡ ನಷ್ಟ. ಉತ್ತರ ಕರ್ನಾಟಕದ ಮಾತನ್ನು ತೆರೆಯ ಮೇಲೆ ನಗಿಸುವ ಪಾತ್ರಕ್ಕೆ ಮೀಸಲಿಟ್ಟ ರೂಢಿ ಬಹಳ ಹಳೆಯದು. ಅದನ್ನು ಮೀರಿದ ಪ್ರಯತ್ನಗಳೂ ಇವೆ. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ (1990) ಮತ್ತು ‘ನಾಗಮಂಡಲ’ (1997) ಈ ಸೀಮೆಯ ಮಾತಿನಲ್ಲೇ ಪ್ರೀತಿ, ದುಃಖ, ಅಧ್ಯಾತ್ಮ ಎಲ್ಲವನ್ನೂ ಆಡಿ ತೋರಿಸಿದವು. ಕಲರ್ಸ್ ಕನ್ನಡದ ‘ಗಿಣಿರಾಮ’ ಧಾರಾವಾಹಿ ದಿನವೂ ಈ ಕಡೆಯ ಮಾತನ್ನು ಮನೆಗೆ ತಂದಿತು. ಸ್ಟಾರ್ ಸುವರ್ಣದಲ್ಲಿ ಸವದತ್ತಿಯ ತಾಯಿಯ ಕಥೆ ‘ಉಧೋ ಉಧೋ ಶ್ರೀ ರೇಣುಕಾ ಯಲ್ಲಮ್ಮ’ ಆಗಿ ಬಂತು. ಇವುಗಳ ಮಾತು ಎಷ್ಟು ಸಹಜ, ಬೈಲಹೊಂಗಲದ ಮಾತಿಗೂ ಕಲಬುರಗಿಯ ಮಾತಿಗೂ ಇರುವ ಅಂತರ ಉಳಿದಿದೆಯೇ, ಯಲ್ಲಮ್ಮನ ಗುಡ್ಡದ ಆಚರಣೆ ತೆರೆಯ ಮೇಲೆ ಎಷ್ಟು ಬದಲಾಯಿತು ಎಂದು ಅಧಿಕಾರದಿಂದ ಹೇಳಬಲ್ಲವರು ಬೆಂಗಳೂರಿನ ವಿಮರ್ಶಕರಲ್ಲ. ಜೋಗತಿಯರ ಹಾಡು ಕೇಳುತ್ತ ಬೆಳೆದ ಸವದತ್ತಿಯ ಹೆಣ್ಣುಮಕ್ಕಳು.

‘ದುಡಿದು ದಣಿದು ಬಂದು ನೋಡತೇವಿ, ಅದರಾಗೇನು ವಿಚಾರ ಮಾಡೂದು’ ಎಂಬ ಮಾತನ್ನು ನಾನು ಗೌರವದಿಂದ ಕೇಳಿಸಿಕೊಳ್ಳುತ್ತೇನೆ. ಹೊಲದಿಂದ, ಮಗ್ಗದಿಂದ ಎದ್ದು ಬಂದವರಿಗೆ ವಿರಾಮ ಬೇಕು. ಆದರೆ ಕಾರಣ ಹೇಳುವುದಕ್ಕೆ ಪಾಂಡಿತ್ಯ ಬೇಡ. ದನದ ಸಂತೆಯಲ್ಲಿ ಎತ್ತಿನ ನಡಿಗೆ, ಹಲ್ಲು, ಸುಳಿ ನೋಡಿ ಬೆಲೆ ಕಟ್ಟುವ ರೈತ ಮಾಡುವುದು ಇದೇ ಕೆಲಸ. ನೋಡುಗರ ಮಾತಿಗೆ ಬೆಲೆ ಇಲ್ಲ ಎನ್ನುವವರು ಡಬ್ಬಿಂಗ್ ಪ್ರಕರಣವನ್ನು ನೆನೆಯಬೇಕು. 2012ರಲ್ಲಿ ಆಮೀರ್ ಖಾನರ ‘ಸತ್ಯಮೇವ ಜಯತೇ’ ಬೇರೆ ಭಾಷೆಗಳಲ್ಲಿ ಬಂದರೂ ಕನ್ನಡದಲ್ಲಿ ಬರಲು ಚಿತ್ರೋದ್ಯಮದ ಸಂಘಟನೆಗಳು ಬಿಡಲಿಲ್ಲ. ಕನ್ನಡ ಗ್ರಾಹಕರ ಕೂಟ ಅದನ್ನು ಸ್ಪರ್ಧಾ ಆಯೋಗದ ಮುಂದೆ ಒಯ್ದಿತು. ನೋಡುಗರ ಆಯ್ಕೆಯನ್ನು ತಡೆಯುವಂತಿಲ್ಲ ಎಂಬ ವಾದಕ್ಕೆ 2015ರಲ್ಲಿ ಗೆಲುವಾಯಿತು. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲಿ ಕೂತ ಜನ ‘ಮಹಾಭಾರತ’ವನ್ನು ಕನ್ನಡದಲ್ಲಿ ನೋಡಲು ಸಾಧ್ಯವಾದದ್ದು ಆ ದಾರಿಯಿಂದ. ಡಬ್ಬಿಂಗ್ ಬಗ್ಗೆ ಭಿನ್ನಮತ ಇರಲಿ. ಕಾರಣ ಕೊಟ್ಟು ಹಿಡಿದು ನಿಂತ ನೋಡುಗರು ಗೆದ್ದರು ಎಂಬುದರಲ್ಲಿ ಭಿನ್ನಮತವಿಲ್ಲ.

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಓದುಗರಲ್ಲಿ ನನ್ನದೊಂದು ಕೋರಿಕೆ. ಅಕ್ಟೋಬರಿನ ಕಿತ್ತೂರು ಉತ್ಸವದ ಹೊತ್ತಿಗೆ ಮನೆಮಂದಿಯೆಲ್ಲ ಕೂತು 1961ರ ‘ಕಿತ್ತೂರು ಚೆನ್ನಮ್ಮ’ ನೋಡಿ. ಮೆಚ್ಚಿದ ಒಂದು ದೃಶ್ಯ, ಒಪ್ಪದ ಒಂದು ದೃಶ್ಯ, ಎರಡಕ್ಕೂ ಕಾರಣ ಬರೆದು ಪತ್ರಿಕೆಗಳಿಗೆ, ವಾಹಿನಿಗಳಿಗೆ ಕಳಿಸಿ. ನಿಮ್ಮದೇ ಮಾತಿನಲ್ಲಿ ಬರೆಯಿರಿ.