ಅತಿಯ ಅಳತೆಗೋಲು

“ನಿಮ್ಮ ಯಜಮಾನರು ಎಂಥವರಮ್ಮ?” ಎಂದು ಮನೋವೈದ್ಯರು ಕೇಳುತ್ತಾರೆ. “ಅಯ್ಯೋ, ಸಾಕ್ಷಾತ್ ದೇವರು ಡಾಕ್ಟ್ರೇ!” ಎಂಬ ಉತ್ತರ ಬರುತ್ತದೆ. ಯಾವುದರಲ್ಲಿ ದೇವರೆಂದು ಮರಳಿ ಕೇಳಿದರೆ “ಎಲ್ಲದರಲ್ಲೂ” ಎನ್ನುವುದನ್ನುಳಿದು ಒಂದು ಸಂಗತಿಯಾಗಲಿ, ಒಂದು ದಿನದ ನೆನಪಾಗಲಿ ಹೊರಬರುವುದಿಲ್ಲ. ಹೀಗೆ ವರ್ಣನೆ ಧಾರಾಳವಾಗಿದ್ದು ವಿವರವು ಶೂನ್ಯವಾಗಿರುವ ಮಾತುಗಾರಿಕೆಯು, ಹಿಸ್ಟ್ರಿಯಾನಿಕ್ ಅಥವಾ ನಾಟಕೀಯ ವ್ಯಕ್ತಿತ್ವದೋಷವೆಂಬ ಸ್ಥಿತಿಗೆ ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯು ಹೇಳುವ ಎಂಟು ಲಕ್ಷಣಗಳಲ್ಲಿ ಒಂದು. ಎಲ್ಲರ ಗಮನ ತನ್ನ ಮೇಲಿಲ್ಲದಿದ್ದರೆ ಕಸಿವಿಸಿ, ಕ್ಷಣಕ್ಷಣಕ್ಕೆ ಬದಲಾಗುವ ಆಳವಿಲ್ಲದ ಭಾವ, ಪರರ ಮಾತಿಗೆ ಬೇಗನೆ ವಶವಾಗುವಿಕೆ, ಅಲ್ಪ ಪರಿಚಯವನ್ನೇ ಗಾಢಸ್ನೇಹವೆಂದು ಭಾವಿಸುವುದು ಮೊದಲಾದವು ಉಳಿದವು. ಇವುಗಳಲ್ಲಿ ಐದಾದರೂ, ತಾರುಣ್ಯದ ಆರಂಭದಿಂದ ತೊಡಗಿ, ಬಾಳಿನ ನಾನಾ ಸಂದರ್ಭಗಳಲ್ಲಿ ಕಾಣಬೇಕು.

ಆದರೆ ಪಕ್ಕದಲ್ಲಿ ಅತ್ತೆ ಕುಳಿತಿರುವಾಗ ಗಂಡನನ್ನು ದೇವರೆನ್ನದ ಗೃಹಿಣಿ ನಮ್ಮಲ್ಲಿ ಎಷ್ಟು ಮಂದಿ? ಸಾವಿನ ಮನೆಯಲ್ಲಿ ಎದೆ ಬಡಿದುಕೊಂಡು, ಸತ್ತವರ ಗುಣಗಳನ್ನು ಹೇಳಿ ಹೇಳಿ ಅಳುವುದು ಹಲವು ಊರುಗಳಲ್ಲಿ ಮರ್ಯಾದೆಯೇ ಹೊರತು ವ್ಯಾಧಿಯಲ್ಲ. ಲಕ್ಷಣಗಳ ಹಿಂದೆಲ್ಲ ‘ಅತಿ’ ಎಂಬ ಮಾತು ನಿಂತಿರುವುದರಿಂದಲೂ, ಅತಿಯನ್ನು ಅಳೆಯಬಲ್ಲ ರಕ್ತಪರೀಕ್ಷೆಯಾಗಲಿ ಯಂತ್ರವಾಗಲಿ ಇಲ್ಲದಿರುವುದರಿಂದಲೂ, ವೈದ್ಯನ ಕಣ್ಣೇ ಇಲ್ಲಿ ಅಳತೆಗೋಲು.

ಆ ಕಣ್ಣಿಗೂ ದೋಷವುಂಟು. ಗರ್ಭಾಶಯವೆಂಬ ಅರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದ ‘ಹಿಸ್ಟೀರಿಕಲ್’ ಎಂಬ ವಿಶೇಷಣವನ್ನು ಕೈಪಿಡಿಯು 1980ರಲ್ಲಿ ಕೈಬಿಟ್ಟು, ನಟನೆಂಬ ಅರ್ಥದ ಲ್ಯಾಟಿನ್ ಮೂಲದ ಹೆಸರನ್ನು ಸ್ವೀಕರಿಸಿತಾದರೂ, ಇದು ಹೆಂಗಸರ ಬೇನೆಯೆಂಬ ಪೂರ್ವಗ್ರಹವು ಹೆಸರಿನೊಡನೆ ತೊಲಗಲಿಲ್ಲ. ಮೊರೀನ್ ಫೋರ್ಡ್ ಮತ್ತು ಥಾಮಸ್ ವಿಡಿಗರ್ ಎಂಬ ವಿದ್ವಾಂಸರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ರೋಗವೃತ್ತಾಂತವನ್ನು ಒಮ್ಮೆ ಗಂಡಸಿನದೆಂದೂ ಒಮ್ಮೆ ಹೆಂಗಸಿನದೆಂದೂ ಬರೆದು ಮನಃಶಾಸ್ತ್ರಜ್ಞರಿಗೆ ಕೊಟ್ಟಾಗ, ನಾಟಕೀಯ ದೋಷವು ಹೆಂಗಸಿಗೆ ಸುಲಭವಾಗಿ ಅಂಟಿತು, ಗಂಡಸಿನಲ್ಲಿ ಕಣ್ತಪ್ಪಿತು. ಲಕ್ಷಣಗಳನ್ನು ಒಂದೊಂದಾಗಿ ಗುರುತಿಸುವಂತೆ ಕೇಳಿದಾಗ ಮಾತ್ರ ಆ ಪಕ್ಷಪಾತ ಅಷ್ಟಾಗಿ ಕಾಣಲಿಲ್ಲ.

ಈ ದೋಷವುಳ್ಳವರು ತಮ್ಮ ಸ್ವಭಾವವನ್ನು ದೂರಿಕೊಂಡು ಬರುವುದೂ ಅಪೂರ್ವ. ಸಂಬಂಧ ಮುರಿದು ಖಿನ್ನತೆ ಕವಿದಾಗ ಬರುತ್ತಾರೆ, ಆಗ ಖಿನ್ನತೆಯೇ ಮುಂದೆ ನಿಂತು ಸ್ವಭಾವವನ್ನು ಮರೆಮಾಡುತ್ತದೆ. ಉನ್ಮಾದದ ಆಡಂಬರವೂ ಇದನ್ನೇ ಹೋಲುವುದಾದರೂ, ಅದು ನಿದ್ರೆಯ ಅಗತ್ಯವನ್ನೇ ಕುಗ್ಗಿಸಿ ಕೆಲಕಾಲವಿದ್ದು ಇಳಿಯುವಂಥದು, ಇದು ವರ್ಷಾನುಗಟ್ಟಲೆ ಬೆಳೆದ ವರ್ತನೆ. ಇತರ ವ್ಯಕ್ತಿತ್ವದೋಷಗಳೊಡನೆ ಇದರ ಗಡಿ ಕಲಸಿಹೋಗಿರುವುದೂ ಒಂದು ಕಾರಣವಾಗಿ, ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ವರ್ಗೀಕರಣವು ಈ ಹೆಸರನ್ನೇ ಬಿಟ್ಟು, ದೋಷದ ತೀವ್ರತೆಯನ್ನೂ ಗುಣಗಳನ್ನೂ ನೋಡುವಂತೆ ವಿಧಿಸಿದೆ.

ತಜ್ಞರೇ ಇಷ್ಟು ತಡವರಿಸುವಲ್ಲಿ, ಮನೆಮಂದಿ ಅಳುವವರನ್ನು ಕಂಡು “ಎಲ್ಲ ನಾಟಕ” ಎಂದು ತೀರ್ಪು ಕೊಡುವುದು ಸರ್ವಥಾ ಕೂಡದು. ಅದರಲ್ಲಿಯೂ “ಸಾಯುತ್ತೇನೆ” ಎಂಬ ಮಾತನ್ನು ಯಾರೇ ಆಡಲಿ, ಎಷ್ಟನೆಯ ಸಲವೇ ಆಡಲಿ, ನಿಜವೆಂದೇ ಎಣಿಸಿ ನೆರವಿಗೆ ನಿಲ್ಲಬೇಕು. ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.